ಹುಳುವಿನ ಹಾಡಿಗೆ ಬಿದ್ದ ವೋಟು

ನನಗೆ ಕೋಪ ಬೇಗ ಬರುತ್ತದೆ. ಇದನ್ನು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಬಂದಷ್ಟೇ ಬೇಗ ಹೋಗಿಯೂ ಬಿಡುತ್ತದೆ. ಸಂಜೆ ಜಗಳವಾಡಿದವರಿಗೇ ಬೆಳಿಗ್ಗೆ ಕಾಫಿ ಮಾಡಿಕೊಟ್ಟಿದ್ದೇನೆ. ಹೋಗದೆ ಕೂತಿರುವ ಕೋಪ ಒಂದೇ ಒಂದು, ಅದು ನಮ್ಮ ಕಂಪನಿ ಬಸ್ಸಿನವರ ಮೇಲಿನದು. ಅವರೆಲ್ಲ ಸೇರಿ, ಹತ್ತು ವರ್ಷದಲ್ಲಿ ನಮ್ಮ ಬಸ್ಸಿನಲ್ಲಿ ಕೇಳಿದ ಹಾಡುಗಳಲ್ಲಿ ಯಾವುದು ಎಲ್ಲಕ್ಕಿಂತ ಒಳ್ಳೆಯದು ಅಂತ ವೋಟು ಹಾಕಿದರು. ಸರಿಯಾದ ಹಾಡಿಗೇ ಹಾಕಿದರು. ಆಮೇಲೆ ಆ ವೋಟು ಹಾಕಿದವರು ತಾವಲ್ಲವೇ ಅಲ್ಲ ಅನ್ನುವ ಹಾಗೆ ಕೂತರು.

ನಮ್ಮದು ಶ್ರೀನಿವಾಸಪುರದ ಬಸ್ಸು. ಬೆಳಗಾಗುವ ಮುಂಚೆ ಅಲ್ಲಿಂದ ಹೊರಟು, ಯಲ್ದೂರಿನಲ್ಲಿ ನಮ್ಮನ್ನು ಹತ್ತಿಸಿಕೊಂಡು, ಕೋಲಾರದಲ್ಲಿ ಮುಳಬಾಗಿಲು ಕಡೆಯಿಂದ ಬಂದು ಕಾಯುವವರನ್ನು ತುಂಬಿಕೊಂಡು, ವೇಮಗಲ್ಲಿನ ಫ್ಯಾಕ್ಟರಿ ಗೇಟಿನ ಮುಂದೆ ಹೋಗಿ ನಿಲ್ಲುತ್ತದೆ. ನಾನು ಪ್ಯಾಕಿಂಗ್ ವಿಭಾಗದಲ್ಲಿದ್ದೇನೆ. ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಅದೇ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಾರೆ. ಮನೆಯಲ್ಲಿ ಒಂದೇ ಒಲೆ, ದಾರಿಯಲ್ಲಿ ಒಂದೇ ಬಸ್ಸು. ಇಂಥ ಅತ್ತೆ ಸೊಸೆಯರ ಮಧ್ಯೆ ಜಗಳ ಆಗದಿದ್ದರೆ ಅದೇ ಆಶ್ಚರ್ಯ. ಸೀಟಿನಲ್ಲಿ ಮಾತ್ರ ಅಕ್ಕಪಕ್ಕವೇ ಕೂರುತ್ತಿದ್ದೆವು. ಬೇರೆ ಕೂತರೆ ಬಸ್ಸಿನವರೆಲ್ಲ "ಏನಾಯ್ತು, ಏನಾಯ್ತು" ಅಂತ ಪ್ರಾಣ ತಿನ್ನುತ್ತಿದ್ದರು.

ನಾನು ಹುಟ್ಟಿದ್ದು ಮಾಲೂರು ತಾಲ್ಲೂಕಿನ ಲಕ್ಕೂರಿನಲ್ಲಿ. ಊರಲ್ಲಿ ತೆಲುಗು ಮಾತಾಡುವವರು ಇದ್ದರು, ನಮ್ಮ ಮನೆಯಲ್ಲಿ ಇರಲಿಲ್ಲ. ಮದುವೆಯಾಗಿ ಈ ಕಡೆ ಬಂದಾಗ ಸಂತೆಯಲ್ಲಿ, ಬಸ್ಸಿನಲ್ಲಿ, ಪಕ್ಕದ ಮನೆಯಲ್ಲಿ ಅರ್ಧ ಮಾತು ನನಗೆ ತಿಳಿಯುತ್ತಿರಲಿಲ್ಲ. ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ನನ್ನನ್ನೇ ಬೈಯುತ್ತಿದ್ದಾರೇನೋ ಅಂತ ಎಷ್ಟೋ ದಿನ ಸುಮ್ಮಸುಮ್ಮನೆ ಮುಖ ಊದಿಸಿಕೊಂಡು ಓಡಾಡಿದ್ದೇನೆ. ನಿಧಾನಕ್ಕೆ ಕೇಳಿದರೆ ಅರ್ಥವಾಗುವಷ್ಟಾಯಿತು. ನಾಲಿಗೆ ಮಾತ್ರ ಹೊರಳಲೇ ಇಲ್ಲ. "ನಿನ್ನ ಬಾಯಲ್ಲಿ ತೆಲುಗು ಬಂದ್ರೆ ಅನ್ನದಲ್ಲಿ ಕಲ್ಲು ಸಿಕ್ದಂಗಿರ್ತದೆ" ಅಂತ ಅತ್ತೆ ನಗುತ್ತಿದ್ದರು. ನನಗೆ ರೇಗುತ್ತಿತ್ತು.

ಬಸ್ಸಿನಲ್ಲಿ ಹಾಡಿಗೆ ಒಂದು ಕಟ್ಟಳೆ ಇತ್ತು. ಬೆಳಿಗ್ಗೆ ಕೋಲಾರದವರೆಗೆ ದೇವರ ಹಾಡು, ಅಲ್ಲಿಂದ ಮುಂದೆ ಸಿನಿಮಾ ಹಾಡು. ಸಂಜೆ ವಾಪಸು ಬರುವಾಗ ಯಾರು ಏನು ಕೇಳಿದರೆ ಅದು. ಡ್ರೈವರಣ್ಣನ ಹತ್ತಿರ ಪೆನ್‌ಡ್ರೈವ್ ತುಂಬ ಹಾಡು. ಸ್ಟೋರ್ಸ್ ವಿಭಾಗದಲ್ಲಿದ್ದ ಮುಳಬಾಗಿಲಿನವರೊಬ್ಬರು ಈ ವಿಷಯದಲ್ಲಿ ನಮಗೆಲ್ಲ ಮೇಷ್ಟ್ರು. ಯಾವ ಹಾಡನ್ನು ಯಾರು ಬರೆದದ್ದು, ಯಾರು ಹಾಡಿದ್ದು, ಯಾವ ರಾಗ ಎಲ್ಲಿಂದ ಎತ್ತಿದ್ದು ಎಲ್ಲ ಅವರ ತಲೆಯಲ್ಲಿತ್ತು. ಬಸ್ಸಿನವರಿಗೆಲ್ಲ ಫೋನಿನಲ್ಲಿ ಒಂದು ಹಾಡಿನ ಗ್ರೂಪು ಮಾಡಿದ್ದೂ ಅವರೇ. ದಿನಾ ಬೆಳಿಗ್ಗೆ ಒಂದು ಹಾಡು ಹಾಕುತ್ತಿದ್ದರು, ಸಂಜೆವರೆಗೆ ಅದರ ಮೇಲೆ ಚರ್ಚೆ. ಮನುಷ್ಯ ಕೆಟ್ಟವರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವ ಮನಸ್ಸು ನನಗೆ ಇರುವುದಿಲ್ಲ.

ಅತ್ತೆ ಬಸ್ಸಿನಲ್ಲಿ ಹಾಡಿದ್ದು ಒಂದು ಸಂಜೆ ಟಯರು ಪಂಕ್ಚರ್ ಆದಾಗ. ಇಂಜಿನ್ ನಿಂತಿತ್ತು, ಹಾಡೂ ನಿಂತಿತ್ತು. ಮಾವಿನ ತೋಪಿನ ಪಕ್ಕ ಮೋರಿಕಟ್ಟೆಯ ಮೇಲೆ ಎಲ್ಲರೂ ಕೂತಿದ್ದೆವು. ಯಾರೋ ಸುಮ್ಮನೆ, "ಯಾರಾದ್ರೂ ಹಾಡ್ರೀ" ಅಂದರು. ಯಾರೂ ಬಾಯಿ ಬಿಡಲಿಲ್ಲ. ಅತ್ತೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಶುರು ಮಾಡಿದರು. ನನಗೆ ಮೊದಲು ನಾಚಿಕೆಯಾಯಿತು, ನಮ್ಮ ಅತ್ತೆ ಹೀಗೆ ಎಲ್ಲರೆದುರು ಹಾಡುತ್ತಾರಲ್ಲ ಅಂತ. ಎರಡನೇ ಸಾಲಿಗೆ ನಾಚಿಕೆ ಹೋಗಿತ್ತು.

ಅದು ರೇಷ್ಮೆ ಹುಳುವಿಗೆ ಸೊಪ್ಪು ಹಾಕುವಾಗ ಹಾಡುವ ಹಾಡು. ಕಟ್ಟಿದವರು ಅತ್ತೆಯ ತಾಯಿ. ಹುಳು ಪೊರೆ ಬಿಡಲು ಮಂಕಾಗಿ ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಕೊನೆಯ ಜ್ವರ ಎದ್ದ ಮೇಲೆ ಹುಳು ತಿನ್ನುವುದನ್ನು ನೋಡಬೇಕು, ಸೊಪ್ಪು ಹೊತ್ತು ಹೊತ್ತು ಹೆಂಗಸರ ನಡು ಬಿದ್ದುಹೋಗುತ್ತದೆ. ಅದನ್ನು ತಿಂದು ಮುಗಿಸಿದ ಹುಳು ಗೂಡು ಕಟ್ಟುತ್ತದೆ. ಗೂಡು ಕಟ್ಟಿದ ಹುಳುವನ್ನು ಏನು ಮಾಡುತ್ತಾರೆ ಅಂತ ಗೊತ್ತೇ ಇದೆ. ಹಾಡಿನಲ್ಲಿ ತಾಯಿ ಹುಳುವನ್ನು ಮಗಳೇ ಅಂತ ಮಾತಾಡಿಸುತ್ತಾಳೆ. ತಾಯಿ ಕೇಳುವುದು ತೆಲುಗಿನಲ್ಲಿ, ಮಗಳು ಹೇಳುವುದು ಕನ್ನಡದಲ್ಲಿ.

ತಿನವೇ ತಲ್ಲೀ ತಿನವೇ, ಕಡುಪು ನಿಂಡೇ ದಾಕಾ ತಿನವೇ.
ತಿಂತೀನಮ್ಮಾ ತಿಂತೀನಿ, ಇನ್ನೊಂದ್ ಹಿಡಿ ಸೊಪ್ ತಾರಮ್ಮಾ.
ಎಕ್ಕಡಿಕೇ ಪಯಣಂ ತಲ್ಲೀ, ಎಪ್ಪುಡೊಸ್ತಾವೇ?
ಮನೆ ಕಟ್ಟೋಕ್ ಹೊಂಟೆನಮ್ಮಾ, ಬಾಗ್ಲು ಇಡೋದ್ ಮರೆತೆನಮ್ಮಾ.

ಹೊಟ್ಟೆ ತುಂಬುವವರೆಗೆ ತಿನ್ನು ತಾಯೀ, ಎಲ್ಲಿಗೆ ಹೊರಟೆ, ಯಾವಾಗ ಬರುತ್ತೀಯೆ ಅಂತ ತಾಯಿ ಕೇಳುತ್ತಾಳೆ. ಅಷ್ಟೇ ಹಾಡು. ಮುಂದೆ ಇನ್ನೂ ನಾಲ್ಕಾರು ಮಾತು. ಅತ್ತೆಯ ತಾಯಿ ಮುಳಬಾಗಿಲಿನ ಆಚೆ, ಗಡಿಯ ಹತ್ತಿರದ ಹಳ್ಳಿಯಿಂದ ಕನ್ನಡದವರ ಮನೆಗೆ ಸೊಸೆಯಾಗಿ ಬಂದವರು. ಸಾಯುವವರೆಗೂ ಮಗಳನ್ನು ತೆಲುಗಿನಲ್ಲೇ ಮಾತಾಡಿಸುತ್ತಿದ್ದರಂತೆ, ಮಗಳು ಕನ್ನಡದಲ್ಲೇ ಉತ್ತರ ಕೊಡುತ್ತಿದ್ದಳಂತೆ. ಅವರದೊಂದು ಫೋಟೋ ಕೂಡ ಮನೆಯಲ್ಲಿ ಇಲ್ಲ. "ಆ ಹಾಡಲ್ಲಿ ಅಮ್ಮ ಕೇಳೋ ಮಾತಿದೆಯಲ್ಲ, ಅದೊಂದೇ ನನಗುಳಿದಿರೋದು" ಅಂತ ಅತ್ತೆ ನನಗೆ ಒಮ್ಮೆ ಹೇಳಿದ್ದರು. ಅವರು ಇಂಥದ್ದೆಲ್ಲ ಸುಲಭಕ್ಕೆ ಹೇಳುವವರಲ್ಲ.

ಅವತ್ತಿನಿಂದ ಸಂಜೆಯ ಬಸ್ಸಿನಲ್ಲಿ ಆ ಹಾಡು ತಪ್ಪಲಿಲ್ಲ. ಅದಕ್ಕೂ ಒಂದು ಕಟ್ಟಳೆ ಹುಟ್ಟಿಕೊಂಡಿತು. ಬಸ್ಸು ಕೇಳುತ್ತಿತ್ತು, ಅತ್ತೆ ಉತ್ತರ ಕೊಡುತ್ತಿದ್ದರು. ತೆಲುಗಿನ ಸಾಲು ಬಂದಾಗ ಅವರು ಸುಮ್ಮನಾಗುತ್ತಿದ್ದರು. ಹಿಂದಿನ ಸೀಟಿನಿಂದ ಡ್ರೈವರಣ್ಣನವರೆಗೆ ಎಲ್ಲರೂ ಗಂಟಲು ಬಿಚ್ಚಿ "ತಿನವೇ ತಲ್ಲೀ" ಅನ್ನುತ್ತಿದ್ದರು. ಸ್ಟೋರ್ಸಿನವರಂತೂ ಕಣ್ಣು ಮುಚ್ಚಿಕೊಂಡು, ಸೀಟಿನ ಕಂಬಿಯ ಮೇಲೆ ತಾಳ ಹಾಕುತ್ತಾ ಹಾಡುತ್ತಿದ್ದರು. ಆಗ ಅತ್ತೆಯ ಮುಖ ನೋಡಬೇಕಾಗಿತ್ತು. ಯಾರೋ ನಿಜವಾಗಿ ಊಟವಾಯಿತಾ ಅಂತ ಕೇಳುತ್ತಿದ್ದಾರೆ ಅನ್ನುವ ಹಾಗೆ ತಿರುಗಿ ಹೇಳುತ್ತಿದ್ದರು.

ಬಸ್ಸು ಓಡಲು ಶುರುವಾಗಿ ಹತ್ತು ವರ್ಷವಾದ ಆಯುಧಪೂಜೆಗೆ ಏನಾದರೂ ಮಾಡೋಣ ಅಂತ ಸ್ಟೋರ್ಸಿನವರು ಎತ್ತಿದರು. ಹತ್ತು ವರ್ಷದ ಹಾಡು ಆರಿಸೋಣ, ಗೆದ್ದ ಹಾಡನ್ನು ಫ್ಯಾಕ್ಟರಿಯ ಪೂಜೆಯ ದಿನ ಆರ್ಕೆಸ್ಟ್ರಾದವರ ಜೊತೆ ಸ್ಟೇಜಿನ ಮೇಲೆ ಹಾಡಿಸೋಣ ಅಂದರು. ಮೇಲಿನವರೂ ಒಪ್ಪಿದರು. ಅಲ್ಲಿಂದ ಬಸ್ಸು ಬಸ್ಸಾಗಿ ಉಳಿಯಲಿಲ್ಲ, ಚುನಾವಣೆಯೇ ಆಯಿತು. ಒಬ್ಬರು ಪ್ರೇಮದ ಹಾಡು ಅಂದರೆ ಇನ್ನೊಬ್ಬರು ತಾಯಿಯ ಹಾಡು ಅಂದರು. ಮಾತು ಬಿಟ್ಟವರೂ ಇದ್ದರು. ಡ್ರೈವರಣ್ಣ ಗೇರ್ ಹಾಕುತ್ತಲೇ, "ನಂದು ಹುಳದ ಹಾಡು" ಅಂದ.

ಮೊದಲು ಫೋನಿನ ಗ್ರೂಪಿನಲ್ಲೇ ವೋಟು ಇಟ್ಟರು. ಯಾರು ಯಾವುದಕ್ಕೆ ಒತ್ತಿದರು ಅಂತ ಅದರಲ್ಲಿ ಎಲ್ಲರಿಗೂ ಕಾಣುತ್ತದೆ. ಕನ್ನಡ ನಾಡಿನ ಮೇಲಿನ ಒಂದು ಸಿನಿಮಾ ಹಾಡಿಗೆ ಎಲ್ಲರೂ ಧಬಧಬ ಒತ್ತಿದರು. ಹುಳುವಿನ ಹಾಡಿಗೆ ಡ್ರೈವರಣ್ಣ, ನಾನು, ಇನ್ನೂ ಒಬ್ಬರೋ ಇಬ್ಬರೋ. ಅತ್ತೆಯದು ಗುಂಡಿಯ ಫೋನು, ಅದರಲ್ಲಿ ಗ್ರೂಪೇ ಇಲ್ಲ. ಆದರೆ ಅಂಥ ಫೋನಿನ ಹೆಂಗಸರು ಬಸ್ಸಿನಲ್ಲಿ ಬೇಕಾದಷ್ಟು ಜನ. ಅವರು ಗಲಾಟೆ ಮಾಡಿದರು. "ನಾವೇನು ಹಾಡು ಕೇಳಲ್ವಾ? ನಮಗೆ ಕಿವಿ ಇಲ್ವಾ?" ಅಂದರು. ಕೊನೆಗೆ ಕ್ಯಾಂಟೀನಿನ ತಟ್ಟೆ ಜೋಡಿಸುವ ಕೋಣೆಯಲ್ಲಿ ಹಾಡಿಗೊಂದರಂತೆ ಲೋಟ ಇಟ್ಟು, ತಿಂಡಿ ಹೊತ್ತಿನಲ್ಲಿ ಒಬ್ಬೊಬ್ಬರೇ ಒಳಗೆ ಹೋಗಿ ಒಂದು ಹುಣಸೆ ಬೀಜ ಹಾಕಿಬರುವುದು ಅಂತಾಯಿತು. ಸಾರಿಗೆ ಹುಣಸೆ ಕಿವುಚುವ ಕ್ಯಾಂಟೀನಿನಲ್ಲಿ ಬೀಜಕ್ಕೇನು ಬರ. ಒಳಗೆ ಯಾರೂ ನೋಡುವವರಿರಲಿಲ್ಲ.

ಹುಳುವಿನ ಹಾಡಿನ ಲೋಟ ತುಂಬಿ ಬೀಜ ಕೆಳಗೆ ಚೆಲ್ಲಿತ್ತು. ನಾಡಿನ ಹಾಡಿನ ಲೋಟದಲ್ಲಿ ತಳ ಕಾಣುತ್ತಿತ್ತು.

ಬಸ್ಸಿನಲ್ಲಿ ಸಿಳ್ಳೆಯೋ ಸಿಳ್ಳೆ. ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನಾನು ಅವರ ಜೊತೆ ಜಗಳವಾಡಿದ್ದನ್ನೆಲ್ಲ ಆ ಹೊತ್ತಿಗೆ ಮರೆತಿದ್ದೆ. ಮಾರನೆಯ ದಿನ ಬೆಳಿಗ್ಗೆ ಸ್ಟೋರ್ಸಿನವರು ನಮ್ಮ ಸೀಟಿನ ಹತ್ತಿರ ಬಂದು ನಿಂತು, ಗಂಟಲು ಸರಿ ಮಾಡಿಕೊಂಡರು.

"ಅಮ್ಮಾ, ಒಂದು ಸಣ್ಣ ಬದಲಾವಣೆ. ತೆಲುಗು ಸಾಲಿದೆಯಲ್ಲ, ಅದನ್ನ ಕನ್ನಡಕ್ಕೆ ಮಾಡಿದೀನಿ. ನೀವೇ ಎರಡೂ ಹಾಡಿಬಿಡಿ. 'ತಿನ್ನು ಮಗಳೇ ತಿನ್ನು, ಹೊಟ್ಟೆ ತುಂಬ ತಿನ್ನು.' ಟ್ಯೂನಿಗೆ ಕರೆಕ್ಟಾಗಿ ಕೂರುತ್ತೆ."

ಕೂರುತ್ತಿತ್ತು, ಸುಳ್ಳು ಹೇಳಬಾರದು. ಅರ್ಥವೂ ಅದೇ. ಆದರೆ ಯಾರೋ ಬೇರೆ ಹೆಂಗಸು ಬಂದು ಅತ್ತೆಯ ತಾಯಿಯ ಜಾಗದಲ್ಲಿ ಕೂತ ಹಾಗಿತ್ತು. ನನ್ನ ಮೈಯೆಲ್ಲ ಉರಿಯಿತು.

"ಯಾಕೆ ಸಾರ್, ವೋಟು ಹಾಕಿದ್ದು ಈ ಹಾಡಿಗಲ್ವಾ?" ಅಂದೆ.

"ನೋಡಮ್ಮ, ಬಸ್ಸಲ್ಲಿ ನಾವ್ ನಾವೇ. ಸ್ಟೇಜ್ ಮೇಲೆ ಹಂಗಲ್ಲ. ಬೆಂಗಳೂರಿಂದ ದೊಡ್ಡೋರು ಬರ್ತಾರೆ. ಈಗ್ಲೇ ನಮ್ಮನ್ನ ಆಂಧ್ರದೋರು ಅಂತಾರೆ."

ಹಿಂದಿನ ಸೀಟಿನ ಹುಡುಗಿಯೊಬ್ಬಳು, ನನ್ನ ಜೊತೆಯೇ ಪ್ಯಾಕಿಂಗಿನಲ್ಲಿರುವವಳು, ಬಾಯಿ ಹಾಕಿದಳು. "ನಿಜ ಕಣಕ್ಕಾ. ಮನೆಗೆ ಫೋನ್ ಮಾಡಿ ತೆಲುಗಲ್ಲಿ ಮಾತಾಡ್ತಿದ್ದೆ. ಸೂಪರ್‌ವೈಸರು, ಲೋಕಲ್‌ನೋರಿಗೆ ಕೆಲ್ಸ ಅಂದ್ರೆ ನೀನೆಲ್ಲಿಂದ ಬಂದೆ ಅಂದ್ಬಿಟ್ರು. ನಮ್ ತಾತನ ಕಾಲದಿಂದ ಶ್ರೀನಿವಾಸಪುರ ಕಣಕ್ಕಾ ನಂದು. ನಂಗೆಷ್ಟು ಅಳು ಬಂತು ಗೊತ್ತಾ?"

ಅವಳ ನೋವು ಸುಳ್ಳಲ್ಲ. ಈ ಮಣ್ಣಿನಲ್ಲೇ ರಾಗಿ ಬೆಳೆದು, ಇಲ್ಲೇ ಸತ್ತು ಮಣ್ಣಾದವರ ಮಕ್ಕಳಿಗೆ ನೀನೆಲ್ಲಿಯವಳು ಅಂತ ಕೇಳಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆ ಸೂಪರ್‌ವೈಸರನ್ನು ಹಿಡಿದು ಕೇಳೋಣ ಅಂದಿದ್ದರೆ ನಾನು ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದೆ. ಅವನನ್ನು ಕೇಳಲು ಇವರಿಗೆ ಧೈರ್ಯವಿಲ್ಲ. ಅದಕ್ಕೆ ಸತ್ತುಹೋದ ಒಬ್ಬ ಹೆಂಗಸಿನ ಬಾಯಿ ಮುಚ್ಚಿಸಲು ಹೊರಟಿದ್ದರು. ಅದನ್ನೇ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ.

ಅಷ್ಟರಲ್ಲಿ ಸ್ಟೋರ್ಸಿನವರ ಫೋನು ಬಡಿದುಕೊಂಡಿತು. ನೋಡಿದರು, ತೆಗೆಯದೆ ಇರಲಾಗಲಿಲ್ಲ. ಗೋಡೆಗೆ ಮುಖ ಮಾಡಿದವರಂತೆ ಕಿಟಕಿಗೆ ತಿರುಗಿ, ದನಿ ಇಳಿಸಿ, "ಆ ಅಮ್ಮಾ... ತಿನ್ನಾನಮ್ಮಾ, ತಿನ್ನಾನು. ನುವ್ವು ತಿನ್ನಾವಾ?" ಅಂದರು. ತಿಂದೆನಮ್ಮಾ, ನೀನು ತಿಂದೆಯಾ ಅಂತ. ಐವತ್ತರ ಹತ್ತಿರದ ಮನುಷ್ಯನಿಗೆ ತಾಯಿ ಫೋನು ಮಾಡಿ ತಿಂಡಿ ತಿಂದೆಯಾ ಅಂತ ಕೇಳುತ್ತಿದ್ದಳು.

"ನಿಮ್ಮಮ್ಮ ಕೇಳಿದ್ದೂ ಅದೇ ಅಲ್ವಾ ಸಾರ್?" ಅಂದೆ.

ಅವರ ಮುಖ ಕೆಂಪಗಾಯಿತು. ಹೋಗಿ ತಮ್ಮ ಸೀಟಿನಲ್ಲಿ ಕೂತರು. ನಾನು ಗೆದ್ದೆ ಅಂದುಕೊಂಡೆ. ಆದರೆ ನನ್ನ ಪರವಾಗಿ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ತಟ್ಟೆ ಕೋಣೆಯೊಳಗೆ ಕದ್ದು ಬೀಜ ಹಾಕಿ ಬಂದ ಅಷ್ಟೂ ಜನ ಅಲ್ಲೇ ಕೂತಿದ್ದರು. ಎಲ್ಲರಿಗೂ ಕಿಟಕಿಯಾಚೆ ನೋಡುವಂಥದ್ದು ಏನೋ ಸಿಕ್ಕಿತ್ತು.

ಸಂಜೆ ಮನೆಗೆ ಬಂದ ಮೇಲೆ ನಾನು ಅತ್ತೆಯ ಮೇಲೆ ಹರಿಹಾಯ್ದೆ. ಅವರು ಬಾಗಿಲಲ್ಲಿ ಕಾಲು ಚಾಚಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು.

"ಹಾಡಲ್ಲ ಅಂತ ಹೇಳ್ಬಿಡಿ ಅತ್ತೆ. ಅವ್ರ ಸ್ಟೇಜೂ ಬೇಡ, ಶಾಲೂ ಬೇಡ."

"ಹಾಡ್ತೀನಿ."

"ಆ ಕನ್ನಡದ್ದು ಹಾಡ್ತೀರಾ? ನಿಮ್ಮಮ್ಮನ ಮಾತು ತೆಗೆದು?"

"ನಾನ್ಯಾಕೆ ಅದನ್ನ ಹಾಡ್ಲಿ? ಆ ಪಂಕ್ಚರ್ ದಿನ ಒಂದ್ ಬಿಟ್ರೆ ಅಮ್ಮನ ಸಾಲು ನಾನ್ ಹಾಡಿಲ್ಲ, ಬಸ್ಸಲ್ಲೂ ಹಾಡಲ್ಲ. ಕೇಳೋರು ಅವ್ರು, ಹೇಳೋಳು ನಾನು." ಸೊಪ್ಪಿನಿಂದ ಹುಲ್ಲು ಆರಿಸಿ ಎಸೆದರು. "ಅಷ್ಟ್ ಜನ ವೋಟ್ ಹಾಕವ್ರೆ. ಲೋಟ ತುಂಬಿ ಚೆಲ್ಲಿತ್ತು, ನೀನೇ ನೋಡಿದೀಯ. ಹಾಕ್ದೋರು ಆ ಟೈಮಿಗೆ ಸುಮ್ನಿರ್ತಾರಾ? ಅವ್ರೇ ಕೇಳ್ತಾರೆ ನೋಡು."

ನಾನು ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಮೆಲ್ಲಗೆ ಇಡು, ನೆಗ್ಗಿಹೋಗ್ತವೆ ಅಂತ ಬೈಸಿಕೊಂಡೆ.

ಪೂಜೆಯ ದಿನ ಫ್ಯಾಕ್ಟರಿಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮಿಷನ್ನುಗಳಿಗೆಲ್ಲ ಕುಂಕುಮ, ಬಸ್ಸಿಗೆ ಬಾಳೆಕಂದು, ಚಕ್ರದ ಕೆಳಗೆ ನಿಂಬೆಹಣ್ಣು. ಮುಂದಿನ ಸಾಲಿನ ಸೋಫಾದಲ್ಲಿ ದೊಡ್ಡವರು. ನಮ್ಮ ಬಸ್ಸಿನವರೆಲ್ಲ ಒಟ್ಟಿಗೆ ಬಲಗಡೆ ಕೂತಿದ್ದೆವು. ಅತ್ತೆ ತಮ್ಮ ಮಗನ ಮದುವೆಗೆ, ಅಂದರೆ ನನ್ನ ಮದುವೆಗೆ, ಉಟ್ಟಿದ್ದ ಹಸಿರು ರೇಷ್ಮೆ ಸೀರೆ ಉಟ್ಟಿದ್ದರು. ಸ್ಟೋರ್ಸಿನವರು ಮೈಕಿನಲ್ಲಿ, ಇದು ನಮ್ಮ ಬಸ್ಸಿನವರು ವೋಟು ಹಾಕಿ ಆರಿಸಿದ ಹತ್ತು ವರ್ಷದ ಹಾಡು ಅಂತ ಹೇಳಿ ಕೆಳಗಿಳಿದು ಬಂದು ನಮ್ಮ ಸಾಲಿನಲ್ಲೇ ಕೂತರು.

ಕೀಬೋರ್ಡು ಶುರುವಾಯಿತು, ತಬಲಾ ಸೇರಿತು. ಮೊದಲ ಸಾಲು ತಾಯಿಯದು. ಅತ್ತೆ ಬಾಯಿ ತೆರೆಯಲಿಲ್ಲ. ಮೈಕು ಹಿಡಿದುಕೊಂಡು ನಮ್ಮ ಕಡೆ ನೋಡಿದರು, ಬಸ್ಸಿನಲ್ಲಿ ನೋಡುತ್ತಿದ್ದ ಹಾಗೇ. ಸಾಲು ಖಾಲಿ ಹೋಯಿತು. ಕೀಬೋರ್ಡಿನವನು ಮರೆತಿದ್ದಾರೆ ಅಂದುಕೊಂಡು ಮತ್ತೆ ಮೊದಲಿನಿಂದ ನುಡಿಸಿದ. ಮತ್ತೆ ಅವರು ನಮ್ಮ ಕಡೆ ನೋಡಿದರು, ಗಲ್ಲ ಸ್ವಲ್ಪ ಎತ್ತಿ, ಹ್ಞೂಂ ಶುರು ಮಾಡಿ ಅನ್ನುವ ಹಾಗೆ.

ಯಾರೂ ಕೇಳಲಿಲ್ಲ. ನಾನು ತಿರುಗಿ ನೋಡಿದೆ. ಸ್ಟೋರ್ಸಿನವರು ಫೋನು ತೆಗೆದು ವಿಡಿಯೋ ಮಾಡುತ್ತಿದ್ದರು. ಪ್ಯಾಕಿಂಗಿನ ಹುಡುಗಿ ಬಳೆ ತಿರುಗಿಸಿಕೊಳ್ಳುತ್ತಿದ್ದಳು. ಡ್ರೈವರಣ್ಣನ ತುಟಿ ಆಡಿತು, ದನಿ ಹೊರಡಲಿಲ್ಲ. ಸ್ಟೇಜಿನ ಮೇಲೆ ಅತ್ತೆ ಒಬ್ಬರೇ, ಕೇಳದ ಪ್ರಶ್ನೆಗೆ, "ತಿಂತೀನಮ್ಮಾ ತಿಂತೀನಿ" ಅಂದರು. ಆ ದನಿ ನಡುಗಿದ್ದು ನನಗೆ ಕೇಳಿಸಿತು. ಮೈಕಿನ ತೊಂದರೆ ಅಂತ ಉಳಿದವರು ತಿಳಿದಿರಬಹುದು.

ಮತ್ತೆ ತಾಯಿಯ ಸಾಲು ಬಂತು. ಮತ್ತೆ ತಬಲಾ ಮಾತ್ರ.

ಆಗ ನಾನು ಎದ್ದು ನಿಂತೆ. ನಿಲ್ಲಬೇಕು ಅಂತ ಯೋಚಿಸಿ ನಿಂತದ್ದಲ್ಲ, ಸಿಟ್ಟು ಎಬ್ಬಿಸಿ ನಿಲ್ಲಿಸಿತು. "ಎಕ್ಕಡಿಕೇ ಪಯಣಂ ತಲ್ಲೀ, ಎಪ್ಪುಡೊಸ್ತಾವೇ" ಅಂದೆ. ಹಾಡಿದೆ ಅನ್ನಲಾರೆ, ಕೂಗಿದೆ. ರಾಗ ಎಲ್ಲೋ, ತಾಳ ಎಲ್ಲೋ, ಉಚ್ಚಾರಣೆ ದೇವರಿಗೇ ಪ್ರೀತಿ. ಮುಂದಿನ ಸೋಫಾದವರು ತಿರುಗಿದರು. ಯಾರೋ ಕಿಸಕ್ಕನೆ ನಕ್ಕರು. ಎಚ್‌ಆರ್ ಮೇಡಂ ಕೂರಿ, ಕೂರಿ ಅಂತ ಕೈಸನ್ನೆ ಮಾಡಿದರು. ನಮ್ಮ ಸಾಲಿನಲ್ಲೇ ಒಬ್ಬರು ನನ್ನ ಸೆರಗು ಹಿಡಿದು ಕೆಳಕ್ಕೆ ಜಗ್ಗಿದರು. ನಾನು ಕೂರಲಿಲ್ಲ.

ಅತ್ತೆ ನನ್ನನ್ನೇ ನೋಡುತ್ತಾ, "ಮನೆ ಕಟ್ಟೋಕ್ ಹೊಂಟೆನಮ್ಮಾ, ಬಾಗ್ಲು ಇಡೋದ್ ಮರೆತೆನಮ್ಮಾ" ಅಂದರು. ಅಲ್ಲಿಂದ ಕೊನೆಯವರೆಗೂ ನಾನು ಕೇಳಿದೆ, ಅವರು ಹೇಳಿದರು. ಚಪ್ಪಾಳೆ ಜೋರಾಗಿಯೇ ಬಿತ್ತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಬೆಂಗಳೂರಿನಿಂದ ಬಂದ ದೊಡ್ಡವರೊಬ್ಬರು ಚೆನ್ನಾಗಿತ್ತಮ್ಮ, ಬಹಳ ಚೆನ್ನಾಗಿತ್ತು ಅಂತ ಕೈ ಮುಗಿದರು. ತೆಲುಗು ಅಂತ ಅವರು ಹುಬ್ಬು ಕೂಡ ಏರಿಸಲಿಲ್ಲ. ಯಾರಿಗೆ ಹೆದರಿ ಇಷ್ಟೆಲ್ಲ ಮಾಡಿದರು ಅಂತ ನೆನೆಸಿಕೊಂಡರೆ ನನಗೆ ಈಗಲೂ ಹಲ್ಲು ಕಡಿಯುವ ಹಾಗಾಗುತ್ತದೆ.

ಸಂಜೆ ವಾಪಸು ಹೊರಟಾಗ ಬಸ್ಸಿನ ತುಂಬ ಬಾಳೆಎಲೆ ಮತ್ತು ಚೆಂಡುಹೂವಿನ ವಾಸನೆ. ಖಾರ ಪುರಿ, ಬೂಂದಿಯ ಪೊಟ್ಟಣಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಅತ್ತೆಯ ಶಾಲನ್ನು ಎಲ್ಲರೂ ಮುಟ್ಟಿ ನೋಡಿದರು. ನನ್ನನ್ನು ಯಾರೂ ಮಾತಾಡಿಸಲಿಲ್ಲ, ಮಾತಾಡಿಸದಿದ್ದದ್ದೇ ಒಳ್ಳೆಯದಾಯಿತು. ಕೋಲಾರ ಹತ್ತಿರವಾಗುವಾಗ ಸ್ಟೋರ್ಸಿನವರು ಎದ್ದು ಕಂಬಿ ಹಿಡಿದು ನಿಂತರು. ಮುಖದಲ್ಲಿ ನಗು ತುಂಬಿತ್ತು.

"ಅಮ್ಮಾ, ಈಗ ನಮ್ಮ ಬಸ್ಸು. ಹೊರಗಿನೋರು ಯಾರೂ ಇಲ್ಲ. ಒಂದ್ಸಲ ಪೂರ್ತಿ ಆಗ್ಬಿಡ್ಲಿ. ನಾವ್ ಕೇಳ್ತೀವಿ, ನೀವ್ ಹೇಳಿ."

ಹೇಳಿದ್ದೇ ತಡ, ಹಿಂದಿನ ಸೀಟಿನಿಂದ ಎದ್ದಿತು. ಪ್ಯಾಕಿಂಗಿನ ಹುಡುಗಿ, ಡ್ರೈವರಣ್ಣ, ಕದ್ದು ಬೀಜ ಹಾಕಿದವರು, ಹಾಕದವರು, ಎಲ್ಲರೂ. "ತಿನವೇ ತಲ್ಲೀ ತಿನವೇ, ಕಡುಪು ನಿಂಡೇ ದಾಕಾ ತಿನವೇ." ಎಷ್ಟು ಚೆನ್ನಾಗಿ ಹಾಡಿದರು ಅಂದರೆ, ಒಂದು ಉಚ್ಚಾರಣೆ ತಪ್ಪಿಲ್ಲ, ಒಂದು ತಾಳ ತಪ್ಪಿಲ್ಲ. ಹುಟ್ಟಿದಾಗಿನಿಂದ ಅದೇ ಮಾತಿನಲ್ಲಿ ಉಣ್ಣಿಸಿಕೊಂಡವರಿಗೆ ಮಾತ್ರ ಬರುವ ಹಾಗೆ.

ಅತ್ತೆ ಉತ್ತರ ಕೊಡಲಿಲ್ಲ. ಇನ್ನೊಂದು ಸಲ ಕೇಳಿದರು. ಅವರು ಶಾಲನ್ನು ಮಡಿಸಿ ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಹಾಡು ತಾನಾಗಿಯೇ ಅಲ್ಲಲ್ಲಿ ನಿಂತು, ಪೂರ್ತಿ ನಿಂತಿತು.

"ಯಾಕಮ್ಮಾ, ಸುಸ್ತಾಯ್ತಾ?" ಸ್ಟೋರ್ಸಿನವರು ಕೇಳಿದರು.

ಅತ್ತೆ ತಿರುಗಿದರು. ಅವರು ಗಟ್ಟಿಯಾಗಿ ಮಾತಾಡುವವರೇ ಅಲ್ಲ, ಅವತ್ತೂ ಆಡಲಿಲ್ಲ. ಆದರೂ ಡ್ರೈವರಣ್ಣನವರೆಗೆ ಎಲ್ಲರಿಗೂ ಕೇಳಿಸಿತು.

"ಅಲ್ಲಿ ಅಷ್ಟೊತ್ತು ಕಾದ್ನಲ್ಲಪ್ಪಾ. ನೀವ್ ಇಷ್ಟೂ ಜನ ಇದ್ರಿ. ಕೇಳ್ದೋಳು ಇವಳೊಬ್ಬಳೇ. ಇವಳಿಗೆ ತೆಲುಗೇ ಬರಲ್ಲ."